ನಾಣ್ಯದ ಡಬ್ಬಿ ಅಟ್ಟ ಸೇರುವುದೇಕೆ?

ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ನಿಮ್ಮ ಬಳಿ ಇದ್ದರೆ ನೀವು ಲಕ್ಷಾಧೀಶರು ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಒಮ್ಮೆ ಐದು ಲಕ್ಷ, ಇನ್ನೊಮ್ಮೆ ಹತ್ತು ಲಕ್ಷ; ಕಳಿಸುವವರ ಔದಾರ್ಯಕ್ಕೆ ತಕ್ಕಂತೆ ಮೊತ್ತ ಬದಲಾಗುತ್ತಿರುತ್ತದೆ. ಆ ನಾಣ್ಯ ಬಂದದ್ದು 2012ರಲ್ಲಿ, ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ. ಐದು ರೂಪಾಯಿಯದೂ ಇದೆ, ಹತ್ತರದೂ ಇದೆ. ಎರಡೂ ಚಲಾವಣೆಗೆ ಬಂದವು. ಕಂಡಕ್ಟರನ ಚೀಲದಲ್ಲೂ ದೇವಸ್ಥಾನದ ಹುಂಡಿಯಲ್ಲೂ ಓಡಾಡಿದವು. ಅದಕ್ಕೆ ಲಕ್ಷ ಎಣಿಸಿ ಕೊಡುವ ಮನುಷ್ಯ ಸಿಗುವುದಿಲ್ಲ. ಆದರೆ ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಿದರೆ ‘ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಜಿಎಸ್‌ಟಿ ಕಟ್ಟಿ’ ಎನ್ನುವ ಮನುಷ್ಯ ಖಂಡಿತ ಸಿಗುತ್ತಾನೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯಗಳ ವ್ಯಾಪಾರಕ್ಕೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ಅಂಥ ವ್ಯವಹಾರಕ್ಕೆ ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು.

ಮೋಸದ ವಿಚಾರವನ್ನು ಪೊಲೀಸರು ನೋಡಿಕೊಳ್ಳಲಿ. ಈ ಸಂದೇಶ ಸದ್ದಿಲ್ಲದೆ ಮಾಡಿದ ಇನ್ನೊಂದು ಕೆಲಸವಿದೆ. ಅದನ್ನು ಓದಿದ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿದ್ದ ನಾಣ್ಯದ ಡಬ್ಬಿ ಕೆಳಗಿಳಿಯಿತು. ತಾತನೋ ಸೋದರಮಾವನೋ ಕೂಡಿಟ್ಟಿದ್ದ ಬಿಲ್ಲೆಗಳನ್ನು ಪೇಪರಿನ ಮೇಲೆ ಸುರಿದು, ಸಂದೇಶದಲ್ಲಿ ಹೇಳಿದ ಎರಡು ಮೂರು ಚಿತ್ರಗಳಿವೆಯೇ ಎಂದು ಹುಡುಕಿದರು. ಸಿಗಲಿಲ್ಲ. ಸಿಕ್ಕವರಿಗೂ ದುಡ್ಡು ಬರಲಿಲ್ಲ. ಡಬ್ಬಿ ಮತ್ತೆ ಅಟ್ಟ ಸೇರಿತು. ನಾಣ್ಯ ಸಂಗ್ರಹದ ಹವ್ಯಾಸ ಯಾಕೆ ಸೊರಗುತ್ತಿದೆ ಎಂದು ಕೇಳಿದಾಗಲೆಲ್ಲ ‘ಈಗ ಯಾರಿಗೆ ಪುರಸೊತ್ತಿದೆ’, ‘ಈಗಿನ ಮಕ್ಕಳಿಗೆ ಮೊಬೈಲೇ ಪ್ರಪಂಚ’ ಎಂಬ ಸಿದ್ಧ ಉತ್ತರಗಳು ಬರುತ್ತವೆ. ನನಗೆ ಅವು ಅರ್ಧ ಸತ್ಯ ಎನಿಸುತ್ತವೆ. ಪುರಸೊತ್ತಿಲ್ಲದ ಜನ ದಿನಕ್ಕೆ ಎರಡು ಗಂಟೆ ರೀಲ್ಸ್ ನೋಡುವುದಿಲ್ಲ. ನಾಣ್ಯವನ್ನು ಕೈಯಲ್ಲಿ ಹಿಡಿದವನು ‘ಇದು ಯಾರ ಕಾಲದ್ದು, ಎಲ್ಲಿಯದು, ಇದರ ಮೇಲೆ ಏನು ಬರೆದಿದೆ’ ಎಂದು ಕೇಳುವುದನ್ನು ಬಿಟ್ಟು ‘ಇದು ಎಷ್ಟಕ್ಕೆ ಹೋಗುತ್ತದೆ’ ಎಂದು ಕೇಳತೊಡಗಿದ ದಿನವೇ ಹವ್ಯಾಸದ ಕೊನೆ ಶುರುವಾಗುತ್ತದೆ. ಬೆಲೆಯ ಪ್ರಶ್ನೆಗೆ ಉತ್ತರ ಒಂದೇ ನಿಮಿಷದಲ್ಲಿ ಸಿಗುತ್ತದೆ, ಬಹುಪಾಲು ಸಲ ನಿರಾಸೆಯ ಉತ್ತರವೇ. ಮೊದಲಿನ ಪ್ರಶ್ನೆಗಳಿಗೆ ಅಷ್ಟು ಬೇಗ ಉತ್ತರ ಸಿಗುವುದಿಲ್ಲ. ಹವ್ಯಾಸ ಉಳಿಯುವುದು ಆ ಹುಡುಕಾಟದಲ್ಲೇ.

ಹವ್ಯಾಸ ಹುಟ್ಟುತ್ತಿದ್ದ ಬಗೆಯನ್ನು ಮೊದಲು ನೋಡಬೇಕು. ಈಗ ನಲವತ್ತೈದು, ಐವತ್ತು ದಾಟಿದವರಿಗೆ ನಾಣ್ಯ ಸಂಗ್ರಹವನ್ನು ಯಾರೂ ಕಲಿಸಲಿಲ್ಲ. ಕಿರಾಣಿ ಅಂಗಡಿಯ ಚಿಲ್ಲರೆಯೇ ಕಲಿಸಿತು. ಅಲ್ಯೂಮಿನಿಯಂನ ಒಂದು ಪೈಸೆ ಚೌಕ, ಎರಡು ಪೈಸೆಗೆ ಅಲೆಯಂಚು, ಮೂರು ಪೈಸೆಗೆ ಆರು ಮೂಲೆ, ಐದು ಪೈಸೆ ಮತ್ತೆ ಚೌಕ, ಹತ್ತು ಪೈಸೆಗೆ ಮತ್ತೆ ಅಲೆ, ಇಪ್ಪತ್ತು ಪೈಸೆಗೆ ಮತ್ತೆ ಆರು ಮೂಲೆ. ಕತ್ತಲಲ್ಲಿ ಜೇಬಿಗೆ ಕೈ ಹಾಕಿದರೂ ಬೆರಳೇ ಹೇಳುತ್ತಿತ್ತು, ಯಾವುದು ಎಷ್ಟರದು ಎಂದು. 1968ರಿಂದ 1971ರವರೆಗೆ ಬಂದ ಹಳದಿ ಬಣ್ಣದ, ಕಮಲದ ಇಪ್ಪತ್ತು ಪೈಸೆಯನ್ನು ಖರ್ಚು ಮಾಡದೆ ಲಕ್ಷ್ಮೀ ಪೂಜೆಗೆಂದು ಎತ್ತಿಟ್ಟ ಮನೆಗಳು ಲೆಕ್ಕವಿಲ್ಲದಷ್ಟಿವೆ. ಇದರ ನಡುವೆ ಅಜ್ಜಿಯ ಎಲೆಯಡಿಕೆ ಚೀಲದಿಂದ ಒಂದು ತೂತಿನ ಕಾಸು ಉರುಳಿ ಬೀಳುತ್ತಿತ್ತು. ನಡುವೆ ತೂತು ಯಾಕೆ ಎಂದು ಹುಡುಗ ಕೇಳುತ್ತಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು 1943ರಿಂದ 1947ರವರೆಗೆ ಹಾಗೆ ಮಾಡಿದ್ದರು ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ಅವಳು ‘ಉಡಿದಾರಕ್ಕೆ ಕಟ್ಟಿಕೊಳ್ಳಲಿ ಅಂತ’ ಎಂದು ಏನೋ ಒಂದು ಹೇಳಿ ಸಾಗಹಾಕುತ್ತಿದ್ದಳು. ಪ್ರಶ್ನೆ ಮಾತ್ರ ಹುಡುಗನಲ್ಲಿ ಉಳಿಯುತ್ತಿತ್ತು.

ಆಗ ಮನೆಮಾತಿನಲ್ಲಿ ಎರಡು ಲೆಕ್ಕಗಳು ಒಟ್ಟಿಗೇ ಓಡಾಡುತ್ತಿದ್ದವು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾಯಿತು. 1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಆದರೂ ಜನ ಐವತ್ತು ಪೈಸೆಗೆ ಎಂಟಾಣೆ, ಇಪ್ಪತ್ತೈದಕ್ಕೆ ನಾಲ್ಕಾಣೆ ಎನ್ನುವುದನ್ನು ಬಿಡಲಿಲ್ಲ. ಹದಿನಾರಾಣೆಗೆ ಒಂದು ರೂಪಾಯಿ, ಆಣೆಗೆ ನಾಲ್ಕು ದುಡ್ಡು, ದುಡ್ಡಿಗೆ ಮೂರು ಪೈ ಎಂಬ ಹಳೆಯ ಕೋಷ್ಟಕ ಹಿರಿಯರ ಬಾಯಲ್ಲಿತ್ತು. ಹೀಗೆ ನಾಣ್ಯ, ಮಾತು, ಲೆಕ್ಕ ಮೂರೂ ಒಂದೇ ಮನೆಯಲ್ಲಿ ಸಿಕ್ಕಿದ್ದರಿಂದ ಆ ತಲೆಮಾರು ಕಾಸು ಖರ್ಚಿಲ್ಲದೆ ಸಂಗ್ರಹಕಾರರಾಯಿತು.

ಚಿಲ್ಲರೆಯ ಆ ಹೊಳೆ ಈಗ ಬತ್ತಿದೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಿಂದ ಹೊರಬಿದ್ದವು. ಐವತ್ತು ಪೈಸೆ ಕಾನೂನಿನ ಪ್ರಕಾರ ಇನ್ನೂ ಚಾಲ್ತಿಯಲ್ಲಿದೆ. ಕೊಟ್ಟು ನೋಡಿ, ಅಂಗಡಿಯವರು ನಿಮ್ಮನ್ನು ಹೇಗೆ ನೋಡುತ್ತಾರೆಂದು. ಮುಂದೆ 2016ರಲ್ಲಿ ಯುಪಿಐ ಬಂತು. ಈಗ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ತೂಗುತ್ತದೆ. ಚಿಲ್ಲರೆಯನ್ನು ಕೈಯಿಂದ ಮುಟ್ಟದೆಯೇ ಬೆಳೆಯುತ್ತಿರುವ ಮಗುವಿಗೆ ನಾಣ್ಯದ ಹುಚ್ಚು ಹಿಡಿಯಲಿ ಎಂದರೆ ಹೇಗೆ? ಹವ್ಯಾಸಕ್ಕೆ ಮೊದಲು ಕೈಗೆ ಬೀಳುವ ಒಂದು ಆಕಸ್ಮಿಕ ಬೇಕು. ಆ ಆಕಸ್ಮಿಕವನ್ನೇ ನಾವು ಇಲ್ಲವಾಗಿಸಿದ್ದೇವೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಬಡ ಸಂಗ್ರಹಕಾರನಿಗೆ ನಮ್ಮ ಕಾಲ ಕೊಟ್ಟ ಅತಿ ದೊಡ್ಡ ಉಡುಗೊರೆ ಹತ್ತು ರೂಪಾಯಿಯ ನಾಣ್ಯ. ಎರಡು ಬಣ್ಣದ ಲೋಹ, ರೂಪಾಯಿ ಚಿಹ್ನೆ ಬರುವುದಕ್ಕೆ ಮೊದಲಿನದು, ಬಂದ ಮೇಲಿನದು, ಅಂಚಿನ ಗೆರೆಗಳಲ್ಲಿ ವ್ಯತ್ಯಾಸ, ಹೋಮಿ ಭಾಭಾ ಸ್ಮರಣೆಯದು, ವೈಷ್ಣೋದೇವಿಯದು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಎಣಿಸಿ ಹೇಳಿದಾಗ ಹದಿನಾಲ್ಕು ವಿನ್ಯಾಸಗಳಿದ್ದವು. ಬೇರೆ ಕಾಲದಲ್ಲಾಗಿದ್ದರೆ ಊರಿನ ಹುಡುಗರೆಲ್ಲ ‘ನನ್ನ ಹತ್ತಿರ ಒಂಬತ್ತು ಬಗೆ ಇದೆ, ನಿನ್ನ ಹತ್ತಿರ ಎಷ್ಟು’ ಎಂದು ಪೈಪೋಟಿಗೆ ಬೀಳುತ್ತಿದ್ದರು. ನಮ್ಮಲ್ಲಿ ಆದದ್ದೇ ಬೇರೆ. ಹದಿನಾಲ್ಕು ಬಗೆ ಕಂಡ ಜನ ಹದಿಮೂರನ್ನು ಖೋಟಾ ಎಂದು ತೀರ್ಮಾನಿಸಿದರು. ಬ್ಯಾಂಕ್ ಎಲ್ಲವೂ ಅಸಲಿ ಎಂದು ಪ್ರಕಟಣೆ ಕೊಟ್ಟರೂ ನಮ್ಮ ಎಷ್ಟೋ ಊರುಗಳ ಅಂಗಡಿಗಳಲ್ಲಿ ಅದು ನಡೆಯಲಿಲ್ಲ. ವೈವಿಧ್ಯ ಕಂಡರೆ ಕುತೂಹಲ ಹುಟ್ಟಬೇಕಾದಲ್ಲಿ ಅನುಮಾನ ಹುಟ್ಟಿತು. ನಾಣ್ಯವನ್ನು ನೋಡುವ ರೂಢಿ ನಮ್ಮಲ್ಲಿ ಎಷ್ಟು ಕುಸಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸರ್ಕಾರವೂ ಇದಕ್ಕೆ ತನ್ನ ಪಾಲು ಸೇರಿಸಿದೆ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. ಅಲ್ಲಿಂದ ಬಹುಕಾಲ ಸ್ಮರಣಾರ್ಥ ನಾಣ್ಯವೆಂದರೆ ಜನರ ಕೈಯಲ್ಲಿ ಓಡಾಡುವ ನಾಣ್ಯವೇ ಆಗಿತ್ತು. 2006ರಲ್ಲಿ ಬಸವಣ್ಣನವರ ಐದು ರೂಪಾಯಿ ಬಂದಾಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅದನ್ನು ಎತ್ತಿಟ್ಟುಕೊಂಡರು. ಈಗ ಹೆಚ್ಚಿನವು ಎಪ್ಪತ್ತೈದು, ನೂರು, ನೂರಿಪ್ಪತ್ತೈದು, ನೂರೈವತ್ತು, ಸಾವಿರ ರೂಪಾಯಿಯ ನಾಣ್ಯಗಳು. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷವಾದಾಗ ಸಾವಿರದ್ದು ಬಂತು. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಎಪ್ಪತ್ತೈದರದು. ಇವು ಯಾವುವೂ ಬಸ್ಸಿನಲ್ಲಿ ಸಿಗುವುದಿಲ್ಲ. ಟಂಕಸಾಲೆಯ ಜಾಲತಾಣದಲ್ಲಿ ಕಾದಿರಿಸಿ, ಮುಖಬೆಲೆಗಿಂತ ಎಷ್ಟೋ ಪಟ್ಟು ಕೊಟ್ಟು, ಮಖಮಲ್ಲಿನ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಬೇಕು. ಅದನ್ನು ನಾಣ್ಯ ಅನ್ನುವುದಕ್ಕಿಂತ ಪದಕ ಅನ್ನುವುದು ಸರಿ. ಅಮೆರಿಕ ಇದರ ತದ್ವಿರುದ್ಧ ಮಾಡಿತು. 1999ರಿಂದ 2008ರವರೆಗೆ ವರ್ಷಕ್ಕೆ ಐದು ರಾಜ್ಯಗಳಂತೆ ಐವತ್ತು ರಾಜ್ಯಗಳ ಹೆಸರಿನಲ್ಲಿ ಕಾಲು ಡಾಲರಿನ ನಾಣ್ಯಗಳನ್ನು ನೇರ ಚಲಾವಣೆಗೆ ಬಿಟ್ಟರು. ಅಲ್ಲಿನ ಮಕ್ಕಳು, ಮುದುಕರು ಕಾಫಿ ಅಂಗಡಿಯ ಚಿಲ್ಲರೆಯನ್ನು ತಿರುಗಿಸಿ ನೋಡತೊಡಗಿದರು. ನಮ್ಮಲ್ಲೂ ಇಪ್ಪತ್ತೆಂಟು ರಾಜ್ಯಗಳ ಹೆಸರಿನಲ್ಲಿ ಎರಡು ರೂಪಾಯಿ ಬಂದಿದ್ದರೆ, ಹಂಪಿಯ ಕಲ್ಲಿನ ರಥವಿರುವ ನಾಣ್ಯಕ್ಕಾಗಿ ಮಕ್ಕಳು ಅಪ್ಪನ ಜೇಬು ತಡಕಾಡುತ್ತಿದ್ದರು.

ಹುಟ್ಟುವುದರ ಮಾತು ಇಷ್ಟು. ಹುಟ್ಟಿದ ಹುಚ್ಚು ನಡುದಾರಿಯಲ್ಲಿ ಯಾಕೆ ಬಿಡುತ್ತದೆ?

ಒಂದನೆಯದು ತೀರಾ ಸಹಜ. ಹತ್ತನೆಯ ವಯಸ್ಸಿನಲ್ಲಿ ಹಿಡಿದದ್ದು ಎಸ್‌ಎಸ್‌ಎಲ್‌ಸಿ, ಪಿಯುಸಿ ಹೊತ್ತಿಗೆ ಬಿಡುತ್ತದೆ. ಆಮೇಲೆ ಕೆಲಸ, ಮದುವೆ, ಸೈಟಿನ ಸಾಲ. ಇದನ್ನು ಹವ್ಯಾಸದ ಸಾವು ಎಂದು ಶೋಕಿಸಬೇಕಿಲ್ಲ. ನಿವೃತ್ತಿಯ ಅಂಚಿನಲ್ಲಿ ಮತ್ತೆ ಡಬ್ಬಿ ತೆಗೆದವರನ್ನು ಯಾವ ನಾಣ್ಯ ಪ್ರದರ್ಶನಕ್ಕೆ ಹೋದರೂ ನೋಡಬಹುದು. ಸ್ಟಾಲುಗಳ ಮುಂದೆ ಭೂತಗನ್ನಡಿ ಹಿಡಿದು ಬಾಗಿ ನಿಂತವರಲ್ಲಿ ನರೆಗೂದಲಿನವರೇ ಹೆಚ್ಚು.

ಎರಡನೆಯದು ಪಟ್ಟಿಯ ಕಾಟ. ಶುರುವಿನಲ್ಲಿ ಎಲ್ಲವೂ ಹೊಸದು, ಎಲ್ಲವೂ ಅಗ್ಗ. ಮೊದಲ ನೂರು ನಾಣ್ಯ ತಿಂಗಳೊಳಗೆ ಸೇರುತ್ತದೆ. ಆಮೇಲೆ ಯಾರೋ ಹೇಳಿಕೊಡುತ್ತಾರೆ: ಇಸವಿಯ ಕೆಳಗೆ ನೋಡು, ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದು ಒಳ್ಳೆಯ ಪಾಠ. ಮಕ್ಕಳ ಕಣ್ಣನ್ನು ಚುರುಕು ಮಾಡುತ್ತದೆ. ಆದರೆ ಇದೇ ಬೆಳೆದು ಪ್ರತಿ ವರ್ಷ, ಪ್ರತಿ ಟಂಕಸಾಲೆ, ಪ್ರತಿ ಲೋಹ, ಪ್ರತಿ ಅಂಚು ಎಂದು ಕ್ಯಾಟಲಾಗಿನ ಚೌಕಗಳಿಗೆ ಸರಿಗುರುತು ಹಾಕುವ ಕೆಲಸವಾಗುತ್ತದೆ. ವಿಕ್ಟೋರಿಯಾ ರಾಣಿಯ ರೂಪಾಯಿಯನ್ನೇ ತೆಗೆದುಕೊಳ್ಳಿ. 1862 ಎಂಬ ಇಸವಿಯನ್ನು 1874ರವರೆಗೂ ಹಾಗೇ ಮುದ್ರಿಸುತ್ತ ಹೋದರು. ನಿಜವಾಗಿ ಯಾವ ವರ್ಷ ಟಂಕಿಸಿದ್ದು ಎಂಬುದಕ್ಕೆ ಸಣ್ಣ ಸಣ್ಣ ಚುಕ್ಕೆಗಳ ಗುಟ್ಟು. ಎಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕದ ಮೇಲೆ ಬೇರೆ ಬೇರೆ ಬಗೆಗಳು. ಒಬ್ಬ ತಾಳ್ಮೆಯ ಮನುಷ್ಯನಿಗೆ ಇದು ಜೀವಮಾನದ ಸಂತೋಷ. ಉಳಿದ ತೊಂಬತ್ತೊಂಬತ್ತು ಜನರಿಗೆ ಇದು ಆಡಿಟ್. ಖಾಲಿ ಚೌಕ ತುಂಬಲು ಬೇಕಾದ ನಾಣ್ಯದ ಬೆಲೆ ಏರುತ್ತಲೇ ಹೋಗುತ್ತದೆ, ಅದು ಕೊಡುವ ಖುಷಿ ಇಳಿಯುತ್ತಲೇ ಹೋಗುತ್ತದೆ. ಒಂದು ದಿನ ‘ಸಾಕಪ್ಪ’ ಎನಿಸುತ್ತದೆ.

ಮೂರನೆಯದು ನಕಲಿ. ಹೊಸಬನನ್ನು ಓಡಿಸುವುದರಲ್ಲಿ ಇದರಷ್ಟು ಗಟ್ಟಿಗ ಬೇರಿಲ್ಲ. ಒಂದು ಮುಖದಲ್ಲಿ ರಾಮದರ್ಬಾರ್ ಅಥವಾ ಹನುಮಂತ, ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, 1818 ಎಂದಿರುವ ತಾಮ್ರದ ಬಿಲ್ಲೆಯನ್ನು ನೀವು ತೀರ್ಥಕ್ಷೇತ್ರದ ಬೀದಿಗಳಲ್ಲಿ ಕಂಡಿರುತ್ತೀರಿ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಇಡೀ ಕಂಪನಿ ರಾಜ್ಯಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದು 1835ರ ಕಾನೂನಿನ ನಂತರ. ಅದಕ್ಕೆ ಮೊದಲು ಬಂಗಾಳ, ಮದರಾಸು, ಮುಂಬೈ ಪ್ರಾಂತಗಳಿಗೆ ತಮ್ಮ ತಮ್ಮದೇ ನಾಣ್ಯಗಳಿದ್ದವು. ಹನುಮಂತನ ಬಿಲ್ಲೆಗಳು ಭಕ್ತರಿಗೆಂದು ಮಾಡಿದ ಟೋಕನ್ನುಗಳು. ಪೂಜೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅಪರೂಪದ ನಾಣ್ಯವೆಂದು ಸಾವಿರಗಟ್ಟಲೆ ಸುರಿಯಬಾರದು. ಇದರ ಮುಂದಿನ ಮೆಟ್ಟಿಲು ‘ರೈಸ್ ಪುಲ್ಲಿಂಗ್’. ಕಂಪನಿ ಕಾಲದ ತಾಮ್ರದ ನಾಣ್ಯ ಅಕ್ಕಿಕಾಳನ್ನು ಎಳೆದುಕೊಳ್ಳುತ್ತದೆ, ಅದರಲ್ಲಿ ಇರಿಡಿಯಂ ಇದೆ, ವಿದೇಶಿ ಸಂಸ್ಥೆಗಳು ಕೋಟಿ ಕೊಡುತ್ತವೆ ಎಂಬ ಕಥೆಗೆ ಬೆಂಗಳೂರಿನ ಓದಿಕೊಂಡವರೂ ದುಡ್ಡು ಕಳೆದುಕೊಂಡಿದ್ದಾರೆ. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಹಳೆಯ ತಾಮ್ರದ ಕಾಸನ್ನು ಪ್ರೀತಿಯಿಂದ ಇಟ್ಟುಕೊಂಡವನೂ ನೆರೆಹೊರೆಯವರಿಗೆ ಅನುಮಾನಾಸ್ಪದ ವ್ಯಕ್ತಿಯಾಗುತ್ತಾನೆ.

ದುಬಾರಿ ನಾಣ್ಯಗಳ ಲೋಕದಲ್ಲಿ ನಕಲಿಗೆ ಮದ್ದು ಎಂದು ಬಂದದ್ದು ಪ್ರಮಾಣೀಕರಣ. ಅಮೆರಿಕದ ಕಂಪನಿಗಳು 1980ರ ದಶಕದಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ ನಾಣ್ಯವನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮೊಹರು ಮಾಡುತ್ತಾರೆ. ಕೊಳ್ಳುವವನಿಗೆ ಭರವಸೆ ಬರುತ್ತದೆ, ನಿಜ. ಆದರೆ ಅಲ್ಲಿಂದ ಮುಂದೆ ಆ ನಾಣ್ಯದ ತೂಕ ಅಂಗೈಗೆ ತಿಳಿಯುವುದಿಲ್ಲ, ನೆಲಕ್ಕೆ ಬಿದ್ದರೆ ಬರುವ ಸದ್ದು ಕೇಳುವುದಿಲ್ಲ. ಕೊಂಡವನು ನೋಡುವುದು ಚೀಟಿಯ ಮೇಲಿನ ಅಂಕವನ್ನು. ಷೇರು ಪತ್ರಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಷೇರು ಇಳಿದಾಗ ಜನ ಏನು ಮಾಡುತ್ತಾರೋ ಇಲ್ಲೂ ಅದನ್ನೇ ಮಾಡುತ್ತಾರೆ.

ಬೆಳ್ಳಿಯ ಕಥೆ ಇನ್ನೊಂದು ತೆರ. ಬ್ರಿಟಿಷ್ ಭಾರತದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ, 1939ರವರೆಗೆ ಅದರಲ್ಲಿ ಶೇ 91.7ರಷ್ಟು ಬೆಳ್ಳಿ. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು, 1947ರ ಹೊತ್ತಿಗೆ ಬೆಳ್ಳಿಯೇ ಹೋಗಿ ನಿಕ್ಕಲ್ ಬಂತು. ಹಾಗಾಗಿ ಬೆಳ್ಳಿಯ ದರ ಏರಿದಾಗಲೆಲ್ಲ ರಾಜ ರಾಣಿಯರ ತಲೆಗಳು ಚಿನಿವಾರರ ಮೂಸೆ ಸೇರುತ್ತವೆ. ಕರಗಿಸುವವರಿಗೆ 1911ರ ಐದನೆಯ ಜಾರ್ಜ್ ರೂಪಾಯಿಯೂ ಒಂದೇ, 1918ರದೂ ಒಂದೇ. ಆದರೆ 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ದೇಶದಲ್ಲಿ ಗದ್ದಲವೆದ್ದು, ಚಲಾವಣೆ ನಿಲ್ಲಿಸಿ, ಮುಂದಿನ ವರ್ಷ ಆನೆಯ ಸೊಂಡಿಲನ್ನು ತಿದ್ದಿ ಬರೆಯಬೇಕಾಯಿತು. ಅದನ್ನು ಬಲ್ಲವನು ಆ ರೂಪಾಯಿಯನ್ನು ಕೈಗೆ ಸಿಕ್ಕಾಗ ಮೊದಲು ತಿರುಗಿಸಿ ಆನೆಯನ್ನು ಹುಡುಕುತ್ತಾನೆ. ತಿಳಿಯದವನು ತಕ್ಕಡಿಯನ್ನು ಹುಡುಕುತ್ತಾನೆ.

ಮನೆಯೊಳಗಿನ ಕಾರಣಗಳೂ ಇವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಅಗ್ಗದ ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿಟ್ಟರೆ ಪ್ಲಾಸ್ಟಿಕ್ಕೇ ಕಾಲಕ್ರಮೇಣ ಆಮ್ಲ ಬಿಟ್ಟು ನಾಣ್ಯಕ್ಕೆ ಅಂಟು ಹಸಿರು ಬಳಿಯುತ್ತದೆ. ಕೆಲವು ವರ್ಷ ಬಿಟ್ಟು ತೆರೆದು ನೋಡಿದವನಿಗೆ ಎದೆ ಧಸಕ್ಕೆನ್ನುತ್ತದೆ. ಆಗ ಮನೆಯವರು ಹುಣಸೆಹಣ್ಣೋ ಪೀತಾಂಬರಿ ಪುಡಿಯೋ ತಂದು ದೀಪದ ಕಂಬ ಬೆಳಗಿದಂತೆ ಬೆಳಗಿಬಿಡುತ್ತಾರೆ. ಥಳಥಳ ಹೊಳೆಯುವ ಆ ನಾಣ್ಯಕ್ಕೆ ಸಂಗ್ರಹಕಾರರ ಲೋಕದಲ್ಲಿ ಕಿಮ್ಮತ್ತಿಲ್ಲ. ಶತಮಾನಗಳ ಮೇಲ್ಪದರವೂ ಅಕ್ಷರದ ಅಂಚುಗಳೂ ಉಜ್ಜುವಿಕೆಯಲ್ಲಿ ಹೋಗಿರುತ್ತವೆ. ಮೊದಲೇ ಹತ್ತಿಯ ಬಟ್ಟೆಯಲ್ಲೋ ಆಮ್ಲವಿಲ್ಲದ ಕಾಗದದ ಪೊಟ್ಟಣದಲ್ಲೋ ಇಟ್ಟಿದ್ದರೆ ಸಾಕಿತ್ತು.

ಕಾನೂನಿನ ಭಯವೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಇಟ್ಟುಕೊಳ್ಳುವುದಕ್ಕೆ ತಡೆಯಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು, ದೇಶದಾಚೆ ಒಯ್ಯುವಂತಿಲ್ಲ. ಮಗಳೋ ಮಗನೋ ನ್ಯೂಜೆರ್ಸಿಯಲ್ಲೋ ಮೆಲ್ಬರ್ನಿನಲ್ಲೋ ನೆಲೆಸಿ ತಂದೆ ತಾಯಿಯನ್ನೂ ಕರೆಸಿಕೊಂಡಾಗ ಅಜ್ಜನ ನಾಣ್ಯಗಳು ಬೀಗ ಹಾಕಿದ ಮನೆಯಲ್ಲೇ ಉಳಿಯುತ್ತವೆ. ಕಾನೂನು ಸರಿಯಾದದ್ದೇ. ಅದಿಲ್ಲದಿದ್ದರೆ ನಮ್ಮ ಚಿನ್ನದ ವರಹಗಳೆಲ್ಲ ಹರಾಜಿನ ಮನೆಗಳ ಪಾಲಾಗುತ್ತಿದ್ದವು.

ಹಾಗಾದರೆ ಯಾರು ಬಿಡುವುದಿಲ್ಲ? ಓದುವವರು ಬಿಡುವುದಿಲ್ಲ. ಈ ವಿಷಯದಲ್ಲಿ ಕನ್ನಡಿಗರಷ್ಟು ಅದೃಷ್ಟವಂತರು ಕಡಿಮೆ, ಯಾಕೆಂದರೆ ನಮ್ಮ ನೆಲದ ನಾಣ್ಯಗಳು ಸುಲಭಕ್ಕೆ ಮುಗಿಯದ ಒಗಟುಗಳು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣದ ಮೇಲೆ ಅರಸನ ಹೆಸರಿಲ್ಲ. ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಬಿರುದು ಮಾತ್ರ ಇದೆ. ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಆತ ಊರೂರಿಗೆ ಮುಟ್ಟಿಸಿದ್ದು ಹೀಗೆ. ಇನ್ನೊಂದು ಬಗೆಯಲ್ಲಿ ‘ಶ್ರೀ ನೊಣಂಬವಾಡಿ ಗೊಂಡ’ ಎಂದಿದೆ. ಈ ನೊಣಂಬವಾಡಿ, ಅಂದರೆ ನೊಳಂಬವಾಡಿ, ಎಲ್ಲಿತ್ತು, ಯಾರಿಂದ ಗೆದ್ದ ಎಂದು ಹುಡುಕಹೊರಟವನು ಹೊಯ್ಸಳರ ಅರ್ಧ ಚರಿತ್ರೆಯನ್ನು ಓದಿ ಮುಗಿಸಿರುತ್ತಾನೆ.

ಇಕ್ಕೇರಿ ನಾಯಕರ ವರಹದ ಮೇಲೆ ಶಿವ ಪಾರ್ವತಿ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ. ಮುಂದೆ ಆತ ಹೊರಡಿಸಿದ ಚಿನ್ನದ ನಾಣ್ಯದಲ್ಲೂ ಅದೇ ಶಿವ ಪಾರ್ವತಿ. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಒಂದೇ ಒಂದು. ಜನ ನಂಬಿದ ಮುಖವನ್ನು ಬದಲಿಸಿದರೆ ಪೇಟೆಯಲ್ಲಿ ನಾಣ್ಯ ನಡೆಯದು ಎಂಬುದು ಆತನಿಗೆ ತಿಳಿದಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಧರ್ಮ, ರಾಜಕೀಯಗಳ ಬಗ್ಗೆ ಇವತ್ತು ನಡೆಯುವ ಎಷ್ಟೋ ಕೂಗಾಟಗಳನ್ನು ಆ ಪುಟ್ಟ ಚಿನ್ನದ ತುಣುಕು ಸುಮ್ಮನಾಗಿಸಬಲ್ಲದು.

ಮಗ ಟಿಪ್ಪು ಇದಕ್ಕೆ ವಿರುದ್ಧ ಸ್ವಭಾವದವನು. ಆತನಿಗೆ ಎಲ್ಲವನ್ನೂ ಹೊಸದಾಗಿ ಹೆಸರಿಸುವ ಹಂಬಲ. ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರಿಟ್ಟ: ಪೈಸೆಗೆ ಜೊಹ್ರಾ ಎಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಎಂದರೆ ಮಂಗಳ, ಕಾಲಿಗೆ ಅಖ್ತರ್ ಎಂದರೆ ನಕ್ಷತ್ರ, ಅರೆಕಾಲಿಗೆ ಕುತುಬ್ ಎಂದರೆ ಧ್ರುವ. ಪಟ್ಟಣ ಎಂದಿದ್ದರೆ ಶ್ರೀರಂಗಪಟ್ಟಣ, ನಗರ ಎಂದಿದ್ದರೆ ಬಿದನೂರು. ಕಾಲಗಣನೆಯನ್ನೂ ಬಿಡಲಿಲ್ಲ. 1787ರ ಸುಮಾರಿಗೆ ಹಿಜರಿಯನ್ನು ಬಿಟ್ಟು ತನ್ನದೇ ಮೌಲೂದಿ ಶಕೆಯನ್ನು ತಂದ. ಅದರಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗಾಗಿ ಹಿಜರಿ 1200ರ ಆಸುಪಾಸಿನಲ್ಲಿದ್ದ ಅಂಕಿ ಇದ್ದಕ್ಕಿದ್ದಂತೆ 1215ಕ್ಕೆ ಹಾರುತ್ತದೆ, ಅದೂ ತಿರುಗುಮುರುಗಾಗಿ. ಹೊಸಬನಿಗೆ ತಲೆ ಕೆಡುತ್ತದೆ. ಕೆಡಬೇಕು. ಆನೆ ಎಡಕ್ಕೆ ಮುಖ ಮಾಡಿದೆಯೇ ಬಲಕ್ಕೆ ಮಾಡಿದೆಯೇ, ಮೇಲೆ ಬಾವುಟವಿದೆಯೇ ಎಂದು ನೋಡುತ್ತ ಕೂತವನಿಗೆ ಸಂಜೆ ಕಳೆದದ್ದು ಗೊತ್ತಾಗುವುದಿಲ್ಲ.

ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ‘ಮಯಿಲಿ ಕಾಸು’ಗಳಲ್ಲಿ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಒಂದೇ ಬಿಲ್ಲೆಯಲ್ಲಿ ಇಕ್ಕಟ್ಟಾಗಿ ಕೂತಿವೆ, ಜೊತೆಗೆ ಚಾಮುಂಡಿಯ ಸಿಂಹ. ಆ ಕಾಲದ ಮೈಸೂರಿನಲ್ಲಿ ಯಾರು ಯಾರಿಗೆ ಉತ್ತರ ಹೇಳಬೇಕಿತ್ತು ಎಂಬುದು ಆ ಮೂರು ಲಿಪಿಗಳಲ್ಲೇ ಇದೆ. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆಯೂ ಮುಚ್ಚಿತು. ಇನ್ನೂ ಒಂದು ವಿಚಿತ್ರ ಕೇಳಿ: 1799ರ ಒಪ್ಪಂದದಲ್ಲಿ ಮೈಸೂರನ್ನು ಹಂಚಿಕೊಂಡಾಗ ಕಂದಾಯದ ಲೆಕ್ಕವನ್ನೆಲ್ಲ ಬರೆದದ್ದು ‘ಕಂಠೀರಾಯ ವರಹ’ದಲ್ಲಿ. ಅಂಥದೊಂದು ವರಹ ಟಂಕವಾಗಿ ಕೈಗೆ ಸಿಗುತ್ತಿರಲಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದ, ಉಗುರಿಗಿಂತ ಚಿಕ್ಕದಾದ ಚಿನ್ನದ ಹಣ ಇತ್ತು. ಹತ್ತು ಹಣಕ್ಕೆ ಒಂದು ವರಹ ಎಂಬುದು ಬರೀ ಲೆಕ್ಕದ ಪುಸ್ತಕದ ಮಾತು. ಕಣ್ಣಿಗೆ ಕಾಣದ ದುಡ್ಡಿನಲ್ಲಿ ವ್ಯವಹರಿಸುವುದನ್ನು ಯುಪಿಐ ನಮಗೆ ಹೊಸದಾಗಿ ಕಲಿಸಿಲ್ಲ.

ಇದನ್ನೆಲ್ಲ ತಿಳಿಯಲು ಚಿನ್ನದ ವರಹ ಕೊಳ್ಳಬೇಕಾಗಿಲ್ಲ. ಎ.ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ 1975ರಲ್ಲೇ ಬಂದಿದೆ, ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಉಡುಪಿಯಲ್ಲಿ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯಗಳ ಸಂಗ್ರಹಾಲಯವಿದೆ. ಬ್ಯಾಂಕಿನ ಹೆಸರು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಯಿತು. ಕೃಷ್ಣಮಠಕ್ಕೆ ಹೋದ ಜನ ಈ ಸಂಗ್ರಹಾಲಯಕ್ಕೂ ಒಂದು ಗಂಟೆ ಕೊಟ್ಟರೆ ಮಕ್ಕಳಿಗೆ ಇತಿಹಾಸದ ಪಾಠದ ಅರ್ಧ ಕಷ್ಟ ತಪ್ಪುತ್ತದೆ. ಶಾಲೆಯವರೂ ಇದನ್ನು ಯೋಚಿಸಬಹುದು. ತರಗತಿಯಲ್ಲಿ ವಿಜಯನಗರದ ಪಾಠ ಮಾಡುವಾಗ ವರಹದ ಮಸುಕು ಚಿತ್ರವನ್ನು ತೋರಿಸುವ ಬದಲು ಒಂದು ಹಳೆಯ ತಾಮ್ರದ ಕಾಸನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರೆ, ನಲವತ್ತು ಮಕ್ಕಳಲ್ಲಿ ಇಬ್ಬರಾದರೂ ಅದನ್ನು ವಾಪಸು ಕೊಡಲು ತಡಮಾಡುತ್ತಾರೆ. ಹವ್ಯಾಸಕ್ಕೆ ಅಷ್ಟು ಸಾಕು.

ಕೊನೆಯದಾಗಿ, ಮನೆಯಲ್ಲಿ ಹಳೆಯ ನಾಣ್ಯಗಳಿರುವವರಲ್ಲಿ ಒಂದು ಕೋರಿಕೆ. ಅವುಗಳನ್ನು ಬೆಳಗಬೇಡಿ, ತೂಕಕ್ಕೆ ಹಾಕಬೇಡಿ. ಒಂದೊಂದನ್ನೂ ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ, ಅದು ಯಾರಿಂದ ಬಂತು, ಯಾವ ಊರಿನಲ್ಲಿ ಸಿಕ್ಕಿತು ಎಂದು ನಿಮಗೆ ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆದಿಡಿ; ಹಿರಿಯರು ಇನ್ನೂ ಇದ್ದರೆ ಈ ಭಾನುವಾರವೇ ಕೇಳಿ ಬರೆದುಕೊಳ್ಳಿ. ಊರಿನ ಹೆಸರು ಕಳೆದುಹೋದ ನಾಣ್ಯ ಸಂಶೋಧಕನಿಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊಲ ಉಳುವಾಗಲೋ ಪಾಯ ಅಗೆಯುವಾಗಲೋ ಮಡಕೆಯಲ್ಲಿ ಸಿಕ್ಕಿದರೆ ಹಂಚಿಕೊಳ್ಳಬೇಡಿ, ಕರಗಿಸಬೇಡಿ. ನಿಧಿ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಿ.